ರಾಣಿಗೆ ಬಂದ ಗಡ್ಡ

ಐನೂರು ವರ್ಷದ ಹಿಂದೆ ಇಟಲಿಯವನೊಬ್ಬ ಬರೆದ ರಾಣಿಯ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿಯೇ ತೀರುತ್ತೇನೆಂದು ನೀರಿನ ಬಿಲ್ಲಿನ ಕಚೇರಿಯ ಗುಮಾಸ್ತರು ಊಟಕ್ಕೆ ಕುಳಿತಲ್ಲೇ ಪಣ ತೊಟ್ಟರು.

“ಅವನಿಗೂ ಎರಡೇ ಕೈ, ನನಗೂ ಎರಡೇ.”

“ಅವನ ಕೈಲಿ ಕುಂಚ ಇತ್ತು. ನಿಮ್ಮ ಕೈಲಿ ಯಾವಾಗ್ಲೂ ರಿಮೋಟು,” ಎಂದಳು ಹೆಂಡತಿ. ಮನೆಯಲ್ಲೇ ದಿಂಬು ಹೊಲಿದು ಮಾರುವವಳು, ಚುಚ್ಚುವುದು ರೂಢಿಯಾಗಿತ್ತು.

ಗುಮಾಸ್ತರ ಹಠಕ್ಕೆ ಕಾರಣವಿತ್ತು. ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರು ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಮುಖ ಬರೆಯುವುದನ್ನು ಕಲಿಸುತ್ತಿದ್ದರು. ಹಳೆಯ ಚಿತ್ರವೊಂದನ್ನು ನಕಲು ಮಾಡಿ ತಂದು ಅವರನ್ನು ಮೆಚ್ಚಿಸಿದವರಿಗಷ್ಟೇ ಅಲ್ಲಿ ಸೀಟು. ಕಲಿತು, ಹೆಂಡತಿಯ ಚಿತ್ರ ಬರೆದು ನಡುಮನೆಯಲ್ಲಿ ತೂಗುಹಾಕಬೇಕೆಂದು ಗುಮಾಸ್ತರಿಗೆ ಮದುವೆಯಾದಾಗಿನಿಂದ ಆಸೆ. ಬಾಯಿಬಿಟ್ಟು ಹೇಳಲು ನಾಚಿಕೆ.

ರಾಣಿ ಸುಲಭಕ್ಕೆ ಒಲಿಯಲಿಲ್ಲ. ಮೂಗನ್ನು ನೆಟ್ಟಗೆ ಮಾಡಿದರೆ ಕಣ್ಣು ಮುನಿಸಿಕೊಳ್ಳುತ್ತಿತ್ತು. ಕಣ್ಣಿಗೆ ಸಮಾಧಾನ ಹೇಳುವಷ್ಟರಲ್ಲಿ ತುಟಿ ಸೊಟ್ಟಗಾಗುತ್ತಿತ್ತು. ಅಂತೂ ಇಂತೂ ಮೇಷ್ಟ್ರಿಗೆ ತೋರಿಸುವ ಹಿಂದಿನ ದಿನ ಆಕೆ ಹೆಂಗಸೆಂದು ಗೊತ್ತಾಗುವ ಮಟ್ಟಕ್ಕೆ ಬಂದಳು. ಆದರೆ ಎಣ್ಣೆಬಣ್ಣ ಒಣಗಲೊಲ್ಲದು! ಗುಮಾಸ್ತರು ಟೇಬಲ್ ಫ್ಯಾನನ್ನು ರಾಣಿಯ ಸೇವೆಗೆ ನೇಮಿಸಿ ಸ್ನಾನಕ್ಕೆ ಹೋದರು. ಫ್ಯಾನಿನ ಬೆನ್ನಿಗೇ ಕುಳಿತು ಹೆಂಡತಿ ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಫ್ಯಾನು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿತು.

“ರಾಣಿಗೆ ಗಡ್ಡ ಬಂದಿದೆ ಕಣೇ,” ಸ್ನಾನ ಮುಗಿಸಿ ಬಂದ ಗುಮಾಸ್ತರು ಕೂಗಿಕೊಂಡರು.

“ಐನೂರು ವರ್ಷ ಅಂತೀರಿ. ವಯಸ್ಸಾದ್ಮೇಲೆ ಏನೇನೋ ಬರುತ್ತೆ.”

ಚಿಮುಟದಿಂದ ಹತ್ತಿ ಎಳೆದರು. ಜೊತೆಗೆ ಗಲ್ಲವೂ ಎದ್ದು ಬಂತು. ಗುಮಾಸ್ತರು ಒದ್ದೆ ಟವೆಲಿನಲ್ಲೇ ನೆಲಕ್ಕೆ ಕುಸಿದರು. “ಮುಗೀತು. ನನ್ನ ಹಣೇಲಿ ಬರೆದಿರೋದು ಬರೀ ನೀರಿನ ಬಿಲ್ಲು.” ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು.

ಹೆಂಡತಿಗೆ ನೋಡಲಾಗಲಿಲ್ಲ. “ಏಳಿ ಮೇಲೆ. ಅರ್ಧ ಗಡ್ಡ ಇಟ್ಕೊಂಡು ಯಾರಾದ್ರೂ ಹೊರಗೆ ಹೋಗ್ತಾರಾ?” ಎನ್ನುತ್ತ ಅವಳು ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ, ಗಲ್ಲಕ್ಕೂ ಎರಡೂ ಕೆನ್ನೆಗೂ ಒತ್ತಿ, ಕಂದು ಬಣ್ಣ ಕಲಸಿ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿದಳು. ರಾಣಿ ಲಕ್ಷಣವಾದ ರಾಜನಾದಳು.

ಮರುದಿನ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಈ ಕಣ್ಣು ಮೂಗು ಯಾರ ಕೆಲಸ?”

“ನಂದೇ ಸಾರ್.”

“ಹೋಗ್ಲಿ ಬಿಡಿ. ಈ ಗಡ್ಡ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು, ಸೀಟು ಕೈಯಲ್ಲಿ. ಆದರೆ ಹೆಂಡತಿ ಹಲ್ಲುಕಚ್ಚಿ ಬಾಚುತ್ತಿದ್ದ ರೀತಿ ಕಣ್ಣ ಮುಂದೆ ಬಂದು ಗುಮಾಸ್ತರು ಸೋತರು.

“ಗಡ್ಡ ನನ್ನ ಹೆಂಡತೀದು ಸಾರ್.”

ಮೇಷ್ಟ್ರು ತಲೆಯಾಡಿಸಿ ಪೆನ್ನು ತೆಗೆದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಸೀಟು ಸಿಕ್ತಾ?”

“ಸಿಕ್ತು.”

“ನೋಡಿದ್ರಾ, ಸುಮ್ನೆ ಅಳ್ತಾ ಕೂತಿದ್ರಿ. ಯಾವತ್ತಿಂದ ಹೋಗ್ಬೇಕಂತೆ?”

“ಸೋಮವಾರದಿಂದ,” ಎಂದರು ಗುಮಾಸ್ತರು, ಬಗ್ಗಿ ಚಪ್ಪಲಿ ಬಿಚ್ಚುತ್ತ. “ನೀನು.”