ಜೋಗುಳದ ಬಾಲ

ಹಾಡು ಚೆನ್ನಾಗಿಯೇ ಇತ್ತು. ಎಡವಟ್ಟಾಗಿದ್ದು ಅದರ ಬಾಲದಿಂದ.

ಹಾಸಿಗೆ ಕಂಪನಿಯೊಂದರ ರೇಡಿಯೋ ಜಾಹೀರಾತಿಗೆ ಒಂದು ಜೋಗುಳ ಬೇಕಿತ್ತು. ಸ್ಟುಡಿಯೋ ಮಾಲೀಕರು ಊರೆಲ್ಲ ಹುಡುಕಿ, ಕೊನೆಗೆ ತಮ್ಮಲ್ಲೇ ಕೆಲಸ ಮಾಡುವ ರಿಮೋಟಣ್ಣನ ಅತ್ತೆಯನ್ನು ಕರೆಸಿದರು. ಆಕೆ ನಿನ್ನೆ ಬಂದು, ಕನ್ನಡಕ ಒರೆಸಿಕೊಂಡು, ಜೇನು ಸುರಿದಂತೆ ಹಾಡಿದರು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಹಾಡು ಮುಗಿದದ್ದೇ ತಡ, ಮೈಕಿನ ಮುಂದೆಯೇ, "ಮುಗೀತಪ್ಪ. ಆ ಗಾಜಿನ ಹಿಂದೆ ನಮ್ಮ ಅಳಿಯಂದಿರು ಎದ್ದಿದಾರಾ, ಯಾರಾದ್ರೂ ನೋಡ್ರಿ. ತೊಟ್ಟಿಲಿಲ್ಲದೆ ಮಲಗೋ ಮಗು ಅಂದ್ರೆ ಅದೊಂದೇ!" ಎಂದುಬಿಟ್ಟರು.

ಇಡೀ ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, "ರೀ, ತೊಟ್ಟಿಲು ಕಟ್ಟಲಾ?" ಎಂದು ಕೇಳಿದಳು. ರಿಮೋಟಣ್ಣ ಅರ್ಧ ಊಟಕ್ಕೇ ಕೈತೊಳೆದ. ಮರುದಿನ ಮಧ್ಯಾಹ್ನ ಹಾಸಿಗೆ ಸಾಹುಕಾರರು ಹಾಡು ಕೇಳಲು ಬರುವುದಿತ್ತು. ಅಷ್ಟರೊಳಗೆ ಆ ಬಾಲವನ್ನು ಕತ್ತರಿಸದಿದ್ದರೆ ತನ್ನ ಮಾನ ಹಾಸಿಗೆಯಷ್ಟೇ ಅಗ್ಗವಾಗುತ್ತದೆಂದು ನಿಶ್ಚಯಿಸಿಕೊಂಡ.

ಅವನ ಹುಟ್ಟುಹೆಸರು ಬೇರೆಯೇ ಇದೆ. ಈಗ ಅದು ಅವನಿಗೂ ಮರೆತಂತಿದೆ. ಪಕ್ಕದ ತಣ್ಣನೆಯ ಕೋಣೆಯಲ್ಲಿ ಎರಡು ಡಿಜಿಟಲ್ ಟೇಪ್ ಯಂತ್ರಗಳು ಬೀರುಗಳಂತೆ ನಿಂತಿರುತ್ತವೆ. ಈಚೆ, ಆ ಗಾಜಿನ ಹಿಂದಿನ ಕೋಣೆಯಲ್ಲಿ ಕುಳಿತೇ ಅವನ್ನು ಓಡಿಸುವ ರಿಮೋಟ್ ಪೆಟ್ಟಿಗೆ ಇವನ ವಶ. ಮನೆಯ ಟಿವಿ ರಿಮೋಟಿನಂತೆ ಅಂಗೈಯಲ್ಲಿ ಹಿಡಿಯುವಂಥದ್ದಲ್ಲ. ಗಾಲಿಯ ಕಾಲಿನ ಮೇಲೆ ನಿಂತ, ಮೈತುಂಬ ಬಟನ್ನುಗಳ ಪೆಟ್ಟಿಗೆ. ಟೇಪಿನ ಮೇಲೆ ಒಂದೊಂದು ದನಿಗೂ ಒಂದೊಂದು ಓಣಿ, ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಟ್ರ್ಯಾಕಿನ ಬಟನ್ ಒತ್ತಿ ಅದನ್ನು ಸಿದ್ಧ ಮಾಡಿದರೆ, ಅದು ಟೇಪಿನಲ್ಲಿರುವುದನ್ನು ಮರೆತು ಮೈಕಿನ ಕಡೆಗೇ ಕಿವಿಯಿಡುತ್ತದೆ. ಬಾಗಿಲಲ್ಲಿ ನೆಂಟರು ನಿಂತಾಗ ಒಳಗಿನ ಗಂಡನ ಕೂಗು ಹೆಂಡತಿಗೆ ಕೇಳಿಸದ ಹಾಗೆ. ಆಮೇಲೆ ರೆಕಾರ್ಡ್ ಒತ್ತಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಹಳೆಯದರ ಕಲೆ ಕೂಡ ಉಳಿಯದು.

ಮೂಲೆಯಲ್ಲಿ ಇನ್ನೊಂದು ಬಟನ್ ಇದೆ, ರಿಹರ್ಸಲ್. ಅದನ್ನು ಒತ್ತಿಟ್ಟರೆ ಅದರ ಪುಟ್ಟ ದೀಪ ಮಿಣುಕುತ್ತದೆ, ಎಲ್ಲವೂ ರೆಕಾರ್ಡಿಂಗಿನಂತೆಯೇ ನಡೆಯುತ್ತದೆ, ಟೇಪಿಗೆ ಮಾತ್ರ ಏನೂ ಆಗುವುದಿಲ್ಲ. ಅಂಜುಬುರುಕರಿಗೆಂದೇ ಮಾಡಿದ ಬಟನ್. ರಿಮೋಟಣ್ಣನಿಗೆ ಅದರ ಮೇಲೆ ಬಲು ಪ್ರೀತಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದ. ಮೊದಲು ರಿಹರ್ಸಲ್ ಒತ್ತಿಟ್ಟು, ಟೇಪು ಓಡಿಸಿ, ಹಾಡಿನ ಕೊನೆಗೆ ಅತ್ತೆಯ ಟ್ರ್ಯಾಕನ್ನು ಸಿದ್ಧ ಮಾಡಿ ಅಳಿಸಿ ನೋಡಿದ. ಹಾಡು ಮುಗಿಯಿತು, ಬೆರಳು ಬಿತ್ತು, ತೊಟ್ಟಿಲಿನ ಮಾತು ಮಾಯ! ಇನ್ನು ರಿಹರ್ಸಲ್ ದೀಪ ಆರಿಸಿ ನಿಜವಾಗಿ ಅಳಿಸಬೇಕು ಎನ್ನುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ರೀ, ಅಮ್ಮ ನಿನ್ನೆ ಕೊಡೆ ಅಲ್ಲೇ ಬಿಟ್ಟು ಬಂದಿದಾರಂತೆ. ನೋಡಿ ಸ್ವಲ್ಪ."

"ಕೆಲಸದಲ್ಲಿದೀನಿ ಕಣೇ."

"ನಿದ್ದೆಯಲ್ಲಿದೀರೋ ಕೆಲಸದಲ್ಲಿದೀರೋ, ಕೊಡೆ ಹುಡುಕಿ."

ಅವನು ಕೊಡೆ ಹುಡುಕಲು ಹೋದಾಗ ಡ್ರಮ್ಸ್ ಬಾರಿಸುವವನು ಒಳಗೆ ಬಂದ. ಎಲ್ಲರೂ ಡ್ರಮ್ಮಣ್ಣ ಎನ್ನುವ ಇವನಿಗೆ ಕೈ ಸುಮ್ಮನಿಟ್ಟು ಗೊತ್ತಿಲ್ಲ. ರಿಮೋಟಿನ ಮೇಲೆ ಯಾವ ಟ್ರ್ಯಾಕ್ ಯಾರದ್ದೆಂದು ಬರೆದು ಅಂಟಿಸಿದ್ದ ಬಿಳಿ ಪಟ್ಟಿ ಮಾಸಿತ್ತು. ಪುಣ್ಯಾತ್ಮ ಅದನ್ನು ಕಿತ್ತು, ಈ ತುದಿಯಿಂದ ಆ ತುದಿಗೆ ಹೊಸದೊಂದು ಅಂಟಿಸಿದ.

"ಹೇಗಿದೆ? ಮದುವೆಮನೆ ಥರ ಕಾಣುತ್ತಲ್ವಾ?"

"ನಿನ್ನನ್ನ ಯಾರು ಕೇಳಿದ್ರು ಮಾರಾಯ?" ಎನ್ನುತ್ತ ರಿಮೋಟಣ್ಣ ಸಿಕ್ಕ ಕೊಡೆಯನ್ನು ಮೂಲೆಗಿಟ್ಟು ಕೂತ. ರಿಹರ್ಸಲ್ ದೀಪ ಕಾಣಲಿಲ್ಲ. ಆಗಲೇ ಆರಿಸಿದ್ದೆನಲ್ಲ ಎಂದುಕೊಂಡ. ಟೇಪನ್ನು ಹಾಡಿನ ಕೊನೆಗೆ ಒಯ್ಯುವ ಬಟನ್ ಒತ್ತುವ ಬದಲು, ಮಾತಿನ ಭರದಲ್ಲಿ, ಮೊದಲಿಗೆ ಒಯ್ಯುವುದನ್ನು ಒತ್ತಿದ. ಆಮೇಲೆ ರೆಕಾರ್ಡ್.

"ನಿನ್ನೆ ನನ್ನ ತಾಳ ಹೇಗಿತ್ತು?" ಎಂದ ಡ್ರಮ್ಮಣ್ಣ.

"ಮೆಟ್ಟಿಲಿಂದ ಪಾತ್ರೆ ಉರುಳಿದ ಹಾಗಿತ್ತು."

ಅಲ್ಲಿಂದ ಜಗಳ ಹತ್ತಿಕೊಂಡಿತು. ರಿಮೋಟಣ್ಣ ತಿರುಗಿ ನೋಡುವಾಗ ಟೇಪು ಹಾಡನ್ನೆಲ್ಲ ದಾಟಿ ಓಡುತ್ತಿತ್ತು, ಕೆಂಪು ದೀಪ ಹುಲಿಯ ಕಣ್ಣಿನಂತೆ ಉರಿಯುತ್ತಿತ್ತು. ಗಬಕ್ಕನೆ ಸ್ಟಾಪ್ ಒತ್ತಿದ. ಟೇಪು ಹಿಂದೆ ಸುತ್ತಿಸಿ ಕೇಳಿದ. ವೀಣೆ ಇದೆ, ಕೊಳಲು ಇದೆ, ಅತ್ತೆ ಇಲ್ಲ.

"ಬಾಲ ಕತ್ತರಿಸೋಕೆ ಹೋಗಿ ಹಸುವನ್ನೇ ಕಡಿದೆಯಲ್ಲೋ!" ಎಂದು ಡ್ರಮ್ಮಣ್ಣ ತಲೆ ಮೇಲೆ ಕೈಯಿಟ್ಟ. ಟೇಪಿನ ನಕಲು ತೆಗೆಯುವ ಕೆಲಸ ಇವತ್ತಿನದಾಗಿತ್ತು, ಇನ್ನೂ ಆಗಿರಲಿಲ್ಲ. "ಹೆದರಬೇಡ, ನಾನೇ ಹೆಣ್ಣು ದನಿಯಲ್ಲಿ ಹಾಡ್ತೀನಿ" ಎಂದು ಒಂದು ಸಾಲು ಎಳೆದೂ ತೋರಿಸಿದ. ಅದನ್ನು ಕೇಳಿದ ಮಗು ಮತ್ತೆಂದೂ ಕಣ್ಣು ಮುಚ್ಚುತ್ತಿರಲಿಲ್ಲ.

ಅತ್ತೆಯನ್ನೇ ಮತ್ತೆ ಹಾಡಿಸೋಣವೆಂದರೆ ಅದೂ ಸುಲಭವಲ್ಲ. "ಇನ್ನೊಂದು ಸಲ ಹಾಡಿ ಅಂದ್ರೆ ಮೊದಲನೇದು ಸರಿಯಿಲ್ಲ ಅಂತ ಅರ್ಥ" ಎನ್ನುವುದು ಆಕೆಯ ಶಾಸನ. ಆದರೆ ದೇವರು ಒಂದು ದಾರಿ ತೋರಿಸಿದ್ದ. ರಿಮೋಟಣ್ಣ ಹೆಂಡತಿಗೆ ಫೋನಿನಲ್ಲಿ, "ಕೊಡೆ ಸಿಕ್ಕಿದೆ. ಆದರೆ ಇಲ್ಲಿ ಎರಡಿವೆ. ಅತ್ತೆಯವರೇ ಬಂದು ಗುರುತು ಹಿಡೀಲಿ" ಎಂದ.

ಅತ್ತೆ ಬಂದರು. ಇದ್ದದ್ದು ಒಂದೇ ಕೊಡೆ. ಅದನ್ನು ನೋಡಿದರು, ಅಳಿಯನ ಮುಖ ನೋಡಿದರು.

"ಏನು ಒಡೆದು ಹಾಕಿದಿರಿ?"

ಮುಚ್ಚಿಡುವ ಧೈರ್ಯವೂ ಅವನಿಗಿರಲಿಲ್ಲ. "ಅತ್ತೆ, ನಿಮ್ಮ ಹಾಡು ಅಳಿಸಿಹೋಯ್ತು. ತಪ್ಪು ನಂದೇ. ಆ ತೊಟ್ಟಿಲಿನ ಮಾತು ತೆಗೆಯೋಕೆ ಹೋದೆ."

"ಯಾವ ಮಾತು? ಓ, ಅದಾ!" ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ತಮಾಷೆಗೆ ಅಂದಿದ್ದು. ಅಷ್ಟೊಂದು ಚುಚ್ಚಿತಾ?"

ಅವನು ನೆಲ ನೋಡುತ್ತ ತಲೆಯಾಡಿಸಿದ. ಅತ್ತೆ ಕೊಡೆಯನ್ನು ಅವನ ಕೈಗೆ ಕೊಟ್ಟರು. "ಹಿಡ್ಕೊಳ್ಳಿ. ಮೈಕ್ ಹಾಕಿಸಿ. ಇನ್ಯಾರಿಗೂ ಹೇಳಬೇಡಿ, ನನ್ನ ಮರ್ಯಾದೆ ಪ್ರಶ್ನೆ."

ಆಕೆ ಹಾಡಿದರು. ನಿನ್ನೆಯದು ಜೇನಾದರೆ ಇವತ್ತಿನದು ಎದೆಹಾಲು. ಡ್ರಮ್ಮಣ್ಣನ ಕೈ ಹುಟ್ಟಿದ ಮೇಲೆ ಮೊದಲ ಸಲ ನಿಶ್ಚಲವಾಯಿತು. ಹಾಸಿಗೆ ಸಾಹುಕಾರರನ್ನು ಕರೆದುಕೊಂಡು ಆಗಷ್ಟೇ ಬಾಗಿಲಿಗೆ ಬಂದ ಮಾಲೀಕರು ಅಲ್ಲೇ ನಿಂತುಬಿಟ್ಟರು. ಹಾಡು ಮುಗಿದ ಮೇಲೆ ಅತ್ತೆ ಮೈಕಿನತ್ತ ಬಾಗಿ ಮೆಲ್ಲಗೆ ಹೇಳಿದರು: "ನಮ್ಮ ಅಳಿಯಂದಿರು ಚಿನ್ನ. ತಪ್ಪು ಮಾಡಿದ್ರೂ ಮುಚ್ಚಿಡೋಲ್ಲ."

ರಿಮೋಟಣ್ಣನ ಕಣ್ಣು ಮಂಜಾಯಿತು. ಈ ಬಾಲವನ್ನು ಯಾರೂ ಕತ್ತರಿಸಕೂಡದು, ಹೆಂಡತಿಗೆ ಕೇಳಿಸಬೇಕು, ಮೊಮ್ಮಕ್ಕಳಿಗೂ ಕೇಳಿಸಬೇಕು ಎಂದುಕೊಂಡ.

"ಅದ್ಭುತ! ಹಾಕಪ್ಪ, ಮೊದಲಿಂದ ಕೇಳೋಣ," ಎಂದರು ಮಾಲೀಕರು.

ರಿಮೋಟಣ್ಣ ಎದೆಯುಬ್ಬಿಸಿ ಟೇಪು ಸುತ್ತಿಸಿದ. ಬೆಳಿಗ್ಗೆ ಗಾಬರಿಯಲ್ಲಿ ಮರೆತದ್ದನ್ನು ಈಗ ಮರೆಯಲಿಲ್ಲ. ಸಿದ್ಧದ ಬಟನ್ನನ್ನು ನೀಟಾಗಿ ಬಂದ್ ಮಾಡಿ, ಟ್ರ್ಯಾಕಿನ ಕಿವಿಯನ್ನು ಮೈಕಿನಿಂದ ಟೇಪಿಗೆ ತಿರುಗಿಸಿ, ಟೇಪು ಓಡಿಸಿದ. ಜೋಗುಳ ತೇಲಿ ಬಂತು. ಯಾಕೋ ಎದೆಹಾಲಿನಂತಿರಲಿಲ್ಲ, ಜೇನಿನಂತಿತ್ತು. ಹಾಡು ಮುಗಿಯಿತು.

"ಮುಗೀತಪ್ಪ. ಆ ಗಾಜಿನ ಹಿಂದೆ ನಮ್ಮ ಅಳಿಯಂದಿರು ಎದ್ದಿದಾರಾ, ಯಾರಾದ್ರೂ ನೋಡ್ರಿ..."

ಡ್ರಮ್ಮಣ್ಣ ಮೆಲ್ಲಗೆ ಬಿಳಿ ಪಟ್ಟಿಯ ತುದಿ ಎತ್ತಿದ. ಕೆಳಗೆ ರಿಹರ್ಸಲ್ ದೀಪ ಬೆಳಗಿನಿಂದ ಮಿಣುಕುತ್ತಲೇ ಇತ್ತು. ಏನೂ ಅಳಿಸಿರಲಿಲ್ಲ. ಏನೂ ಮೂಡಿಯೂ ಇರಲಿಲ್ಲ. ಚಿನ್ನದ ಮಾತು ಗಾಳಿಗೆ ಹೋಗಿತ್ತು.

ರಿಮೋಟಣ್ಣ ಸಾಹುಕಾರರ ಕಡೆಗೆ ಕೈಮುಗಿದು, "ಸಾರ್, ಆ ಕೊನೆಯ ಮಾತು ತೆಗೆದುಬಿಡ್ತೀನಿ, ಒಂದೇ ನಿಮಿಷ" ಎಂದ.

"ತೆಗೆಯೋದಾ!" ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಕೈ ಹಚ್ಚೀರಿ ಜೋಕೆ! ಹಾಡು ಯಾರು ಬೇಕಾದ್ರೂ ಹಾಡ್ತಾರೆ. ಅಳಿಯ ನಿದ್ದೆ ಹೋದ ಅನ್ನೋ ಆ ಮಾತೇ ನನ್ನ ಹಾಸಿಗೆ ಮಾರೋದು. ದಿನಾ ಬೆಳಿಗ್ಗೆ, ಸಂಜೆ ರೇಡಿಯೋದಲ್ಲಿ ಬರಲಿ!"

ರಿಮೋಟಣ್ಣ ದಿಕ್ಕುಗಾಣದೆ ಅತ್ತೆಯತ್ತ ತಿರುಗಿದ. "ಅತ್ತೆ, ಆ ಎರಡನೇ ಹಾಡು... ಇನ್ನೊಂದೇ ಒಂದು ಸಲ..."

ಅತ್ತೆ ಅವನ ಕೈಯಿಂದ ಕೊಡೆ ತೆಗೆದುಕೊಂಡರು.

"ಒಂದು ಸಲ ಹೇಳಿದ್ದಾಯ್ತು," ಎಂದರು. "ಆಗ ಎದ್ದಿರಬೇಕಿತ್ತು."