ಎದೆನೋವಿನ ಡ್ರಿಲ್ ಮೇಷ್ಟ್ರು

ಕಾಯಿಲೆ ಇರುವವರಿಗೆ ಒಂದೇ ಕಾಯಿಲೆ. ಇಲ್ಲದವರಿಗೆ ಮಾತ್ರ ತಿಂಗಳಿಗೊಂದು ಹೊಸದು ಬರುತ್ತಲೇ ಇರುತ್ತದೆ. ಈ ಮಾತನ್ನು ಯಾವ ಪುಸ್ತಕದಲ್ಲೂ ಓದಿ ಹೇಳುತ್ತಿಲ್ಲ. ಅನುಭವಿಸಿ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಎತ್ತರದ ಆಳು, ಅಗಲವಾದ ಎದೆ, ಕೊರಳಲ್ಲಿ ವಿಷಲ್. ನಾನು "ಸಾವ್‌ಧಾನ್!" ಅಂತ ಕೂಗಿದರೆ ಮೈದಾನದ ಪಕ್ಕದಲ್ಲಿ ಮೇಯುವ ಎಮ್ಮೆಗಳೂ ಕತ್ತೆತ್ತಿ ನಿಲ್ಲುತ್ತಿದ್ದವು. ಇಂಥವನಿಗೆ ಕಾಯಿಲೆಯ ಭಯ ಅಂದರೆ ಯಾರು ನಂಬುತ್ತಾರೆ?

ಶುರುವಾದದ್ದು ಹೀಗೆ. ಪಕ್ಕದ ತಾಲ್ಲೂಕಿನ ಡ್ರಿಲ್ ಮೇಷ್ಟ್ರೊಬ್ಬರು, ನನಗಿಂತ ಗಟ್ಟಿಮುಟ್ಟಾದವರು, ಒಂದು ದಿನ ಕಾಫಿ ಕುಡಿಯುತ್ತ ಕೂತವರು ಕೂತಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಹೋಗಿ ಬಂದೆ. ಸ್ನಾನ ಮಾಡಿ ಜಗಲಿಯಲ್ಲಿ ಕೂತಾಗ ನನ್ನ ಎದೆ ಹೊಡೆದುಕೊಳ್ಳುವ ಸದ್ದು ಮೊದಲ ಸಲ ನನಗೇ ಕೇಳಿಸಿತು. ಅಲ್ಲಿಯವರೆಗೆ ಅದು ಅದರ ಪಾಡಿಗೆ ಹೊಡೆದುಕೊಳ್ಳುತ್ತಿತ್ತು, ನಾನು ನನ್ನ ಪಾಡಿಗೆ ಇದ್ದೆ. ಅವತ್ತಿನಿಂದ ಇಬ್ಬರಿಗೂ ನೆಮ್ಮದಿ ಇಲ್ಲ.

ಎಡಗೈ ಜೋಮು

ಮೊದಲು ಕೈಕೊಟ್ಟದ್ದು ಎಡಗೈ. ಬೆಳಗಿನ ಪ್ರಾರ್ಥನೆ ಮುಗಿಸಿ ಹುಡುಗರನ್ನು ಸಾಲಾಗಿ ಕ್ಲಾಸಿಗೆ ಕಳಿಸುತ್ತಿದ್ದಾಗ ಬೆರಳುಗಳು ಜುಮ್ಮೆಂದವು. ಕೊಡವಿದೆ, ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಗೈಯೆಲ್ಲ ಜೋಮು. ಸ್ಟಾಫ್ ರೂಮಿನಲ್ಲಿ ಸೈನ್ಸ್ ಮೇಷ್ಟ್ರನ್ನು ಕೇಳಿದೆ.

"ಎಡಗೈ ಜೋಮು ಹಿಡಿದ್ರೆ ಏನ್ ಸಾರ್ ಅರ್ಥ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ದವಡೆ ಏನಾದ್ರೂ ನೋಯ್ತಿದೆಯಾ?" ಅಂದರು.

"ಇಲ್ಲ" ಅಂದೆ. ಅಂದ ಮರುಗಳಿಗೆಗೆ ದವಡೆ ನೋಯತೊಡಗಿತು.

"ಬೆವರ್ತಾ ಇದೀರಾ?"

ಇಲ್ಲ ಅನ್ನುವಷ್ಟರಲ್ಲಿ ಬೆನ್ನ ಮೇಲೆ ತಣ್ಣಗೆ ನೀರು ಇಳಿಯಿತು. ಅವರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದರು. "ಸಾಕು ಸುಮ್ನಿರಿ ಸಾರ್. ನೀವು ಕೇಳಿದ್ದೆಲ್ಲ ಬರ್ತಾ ಇದೆ" ಅಂತ ಕೈಮುಗಿದು ತುಮಕೂರಿನ ಬಸ್ಸು ಹತ್ತಿದೆ.

ತುಮಕೂರಿನಲ್ಲಿ ನಮ್ಮ ಮನೆಯವರೆಲ್ಲ ತೋರಿಸಿಕೊಳ್ಳುವ ವಯಸ್ಸಾದ ಡಾಕ್ಟರೊಬ್ಬರಿದ್ದರು. ಸ್ಟೆತಾಸ್ಕೋಪು ಇಟ್ಟರು, ನಾಲಿಗೆ ನೋಡಿದರು. ನಾಡಿ ನೋಡಲು ನನ್ನ ಎಡಗೈ ಹಿಡಿದವರು ಅಲ್ಲೇ ನಿಂತರು.

"ಈ ವಾಚು ಹೊಸದಾ?"

"ಹೌದು ಸಾರ್. ಮಾವ ದೀಪಾವಳಿಗೆ ಕೊಡ್ಸಿದ್ದು. ಕಬಡ್ಡಿ ಆಡ್ಸೋವಾಗ ಬಿದ್ದೋಗ್ಬಾರ್ದು ಅಂತ ಬಿಗಿಯಾಗಿ ಕಟ್ಕೊಂಡಿದೀನಿ."

ಅವರು ವಾಚು ಬಿಚ್ಚಿದರು. ಮಣಿಕಟ್ಟಿನಲ್ಲಿ ಎತ್ತಿನ ಕೊರಳಿಗೆ ಹಗ್ಗ ಉಜ್ಜಿದ ಹಾಗೆ ಗುರುತು. ನಾಲ್ಕು ಸಲ ಬೆರಳು ಮಡಿಸಿ ಬಿಡಿಸಿದೆ, ಜೋಮು ಮಾಯ. ದವಡೆ ನೋವೂ ಮಾಯ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಮಾತ್ರ ನನಗೆ ತಿಳಿಯಲಿಲ್ಲ.

"ಔಷಧಿ ಏನೂ ಬೇಡ್ವಾ ಸಾರ್?"

"ನೀವು ತಪ್ಪು ಜಾಗಕ್ಕೆ ಬಂದಿದೀರಿ ಮೇಷ್ಟ್ರೆ" ಅಂದರು ಡಾಕ್ಟರು. "ಬಸ್ ಸ್ಟ್ಯಾಂಡಿನ ಹತ್ರ ಚಪ್ಪಲಿ ಹೊಲಿಯೋರು ಇರ್ತಾರೆ. ಸ್ಟ್ರ್ಯಾಪಿಗೆ ಇನ್ನೊಂದು ತೂತು ಹಾಕ್ಸಿ, ಗುಣ ಆಗುತ್ತೆ."

ಗಂಟಲಲ್ಲಿ ಗಂಟು

ಕೈ ಸರಿಹೋಯಿತು ಅನ್ನುವಷ್ಟರಲ್ಲಿ ಗಂಟಲಿಗೆ ಬಂತು. ಗೋಲಿ ಸಿಕ್ಕಿಕೊಂಡ ಹಾಗೆ ಏನೋ ಒಂದು. ನುಂಗಿದರೆ ಕೆಳಗೆ ಹೋಗದು, ಕೆಮ್ಮಿದರೆ ಮೇಲೆ ಬಾರದು. ನಮ್ಮ ಬೀದಿಯಲ್ಲಿ ಒಬ್ಬರು ಗಂಟಲ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಅವರಿಗೂ ಮೊದಮೊದಲು ಹೀಗೇ ಆಗುತ್ತಿತ್ತಂತೆ. ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುವುದೇ ನನ್ನ ಕೆಲಸವಾಯಿತು. ಒಳಗೆ ಕೆಂಪಗೆ ನೇತಾಡುವ ಕಿರುನಾಲಿಗೆಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಇದೇ ಗಡ್ಡೆ ಅಂತ ತೀರ್ಮಾನಿಸಿ ಹೆಂಡತಿಯನ್ನು ಕೂಗಿದೆ. ಅವಳು ತನ್ನ ಬಾಯನ್ನೂ ತೆರೆದು ತೋರಿಸಿ, "ಹಂಗಾದ್ರೆ ನಂಗೂ ಬಂದದೆ ಬುಡಿ" ಅಂದು ಒಳಗೆ ಹೋದಳು.

ಮತ್ತೆ ಡಾಕ್ಟರು. ಟಾರ್ಚು ಹಿಡಿದು ನೋಡಿ ಕೇಳಿದರು: "ಮುದ್ದೆ ಇಳಿಯುತ್ತಾ?"

"ಇಳಿಯುತ್ತೆ ಸಾರ್."

"ಸಲೀಸಾಗಿ?"

"ಸಲೀಸಾಗಿ. ಆದ್ರೆ ಎಂಜಲು ನುಂಗಕ್ಕಾಗಲ್ಲ."

ಡಾಕ್ಟರು ಟಾರ್ಚು ಆರಿಸಿದರು. "ಅಲ್ರೀ, ಗಾಡಿ ಹೋಗೋ ದಾರೀಲಿ ಸೈಕಲ್ ಹೋಗಲ್ವಾ?"

ಅದು ನನಗೂ ಅರ್ಥವಾಗದ ವಿಷಯವೇ. ಊಟಕ್ಕೆ ಕೂತಾಗ ಇಲ್ಲದ ಗಂಟು ಕೈತೊಳೆದ ಕೂಡಲೇ ಎಲ್ಲಿಂದ ಬರುತ್ತದೆ? ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಒಂದು ಇಳಿಯಿತು. ಇನ್ನೊಂದೂ ಇಳಿಯಿತು. ಮತ್ತೆ ತಟ್ಟೆ ಮುಂದೆ ನೂಕಿದಾಗ ಅವಳು ಸೌಟನ್ನು ಪಾತ್ರೆಯಲ್ಲೇ ಇಟ್ಟು ಹೇಳಿದಳು: "ನಿಮ್ಮ ಗಂಟಲಲ್ಲಿ ಯಾವ ಗಂಟೂ ಇಲ್ಲ ಕಣ್ರಿ. ಗಂಟು ಕರಗ್ತಿರೋದು ನಮ್ಮ ರಾಗಿ ಚೀಲದ್ದು."

ಕುಣಿಗಲ್ಲಿನ ಚಿಕಿತ್ಸೆ

ಹೆಂಡತಿಯ ತವರು ಕುಣಿಗಲ್. ಅವಳ ತಮ್ಮ ಅಲ್ಲಿ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ. ಕುದುರೆ ಬಿಟ್ಟು ಬೇರೆ ಯಾವ ಪ್ರಾಣಿಯ ಮೇಲೂ ಅವನಿಗೆ ಗೌರವವಿರಲಿಲ್ಲ. ಹಬ್ಬಕ್ಕೆ ಹೋದಾಗ ಹೆಂಡತಿ ಎಲ್ಲರ ಮುಂದೆ ಹೇಳಿಬಿಟ್ಟಳು: "ಇವ್ರು ನಾಡಿ ಹಿಡ್ಕಂಡೇ ಮಲಗ್ತಾರೆ. ಇವರಿಗೇನಾದ್ರೂ ಆಗೋಯ್ತಾ ಅಂತ ನಾನು ಇವರ ಉಸಿರು ಕೇಳ್ಕಂಡು ಎದ್ದಿರ್ತೀನಿ." ಹೇಳುತ್ತ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಇವಳೂ ನಿದ್ದೆಗೆಟ್ಟಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಭಾವಮೈದ ಎದ್ದು ಬಂದ. "ಎಲ್ಲಿ ಭಾವ, ನಾನೊಂದ್ಕಿತ ಕೇಳ್ತೀನಿ ತಡೀರಿ" ಅಂತ ನನ್ನ ಅಂಗಿಗೆ ಕಿವಿ ಆನಿಸಿದ. ಅವನ ಹುಬ್ಬು ಮೇಲೇರಿತು.

"ಏನೋ ಅದು?" ಅಂದೆ.

"ಗುಳುಗುಳು ಅಂತದೆ ಭಾವ."

"ಎದೇನಾ?"

"ಅಲ್ಲ, ಹೊಟ್ಟೆ. ಹೋಳಿಗೆ ಇರ್ಬೇಕು." ಕಿವಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿದ. "ಈಗ ಸಿಕ್ತು. ಜೋರಾಗೇ ಹೊಡ್ಕತಾ ಅದೆ. ನಮ್ಮ ಕುದ್ರೆಗೆ ಹಿಂಗ್ ಹೊಡ್ಕಂಡ್ರೆ, ಒಂದೋ ಓಡ್ಬಂದಿರ್ಬೇಕು, ಇಲ್ಲಾ ಬೆದರಿರ್ಬೇಕು. ನೀವಂತೂ ಓಡಿಲ್ಲ."

"ಬೆದರಿದ ಕುದುರೆಗೆ ಏನ್ಮಾಡ್ತೀರೋ?"

"ಇನ್ನೇನ್ ಮಾಡದು. ಸಾಧುವಾದ ಇನ್ನೊಂದು ಕುದ್ರೇನ ಪಕ್ಕದಲ್ಲಿ ಕಟ್ತೀವಿ."

ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿ ತಲೆಯೆತ್ತಿದಳು. "ನನ್ನ ಕಟ್ಟಿ ಎಷ್ಟು ವರ್ಷ ಆಯ್ತು! ಇವರು ಬೆದರದು ಬಿಡ್ಲಿಲ್ಲ, ನಾನೂ ಬೆದರದು ಕಲ್ತ್ಕಂಡೆ."

ಸೀಲಿಲ್ಲದ ಎದೆ

ಕೊನೆಗೆ ಡಾಕ್ಟರೇ ಬೇಸತ್ತು, "ಒಂದು ಇಸಿಜಿ ತೆಗೆಸಿಬಿಡೋಣ. ನಿಮಗಲ್ದಿದ್ರೂ ನನಗೆ ನೆಮ್ಮದಿ" ಅಂದರು. ನರ್ಸಮ್ಮ ಎದೆಗೆ ತಣ್ಣಗೆ ಏನೋ ಬಳಿದು ವೈರು ಅಂಟಿಸಿದರು. ನಾನು ಹಲಗೆಯಂತೆ ಸೆಟೆದು ಮಲಗಿದ್ದೆ.

"ಮೈ ಸಡಿಲ ಬಿಡಿ ಸಾರ್."

"ಬಿಟ್ಟಿದೀನಮ್ಮ."

"ಉಸಿರಾದ್ರೂ ಆಡಿ!"

ಉದ್ದನೆಯ ಕಾಗದ ಬಂತು. ಡಾಕ್ಟರು ಎಳೆದೆಳೆದು ನೋಡಿ, "ಎದೆ ಚೆನ್ನಾಗಿದೆ. ಇದು ಬರೀ ಗಾಬರಿ" ಅಂದರು.

"ಹಂಗಾದ್ರೆ ಎದೆ ಹೊಡ್ಕೊಳ್ಳೋದು ಸುಳ್ಳಾ ಸಾರ್?"

"ಸುಳ್ಳಲ್ಲ. ನಿಜವಾಗ್ಲೂ ಹೊಡ್ಕೊತಿದೆ."

"ಹಂಗಾದ್ರೆ ಕಾಯಿಲೆ ಇದೆ."

"ಇಲ್ಲ. ಸರಿಯಾಗಿದೆಯಾ, ಸರಿಯಾಗಿದೆಯಾ ಅಂತ ನೀವು ಅದನ್ನ ದಿನಾ ವಿಚಾರಣೆ ಮಾಡ್ತಿದೀರಲ್ಲ, ಅದಕ್ಕೇ ಹೊಡ್ಕೊತಿದೆ. ನಿಮ್ಮ ಹುಡುಗರು ನೀವು ಹಿಂದೆ ಬಂದು ನಿಂತ್ರೆ ನೆಟ್ಟಗೆ ನಡೀತಾರಾ?"

ಕಾಗದ ಇಸಕೊಂಡು ಸ್ಕೂಲಿಗೆ ಬಂದೆ. ಸ್ಟಾಫ್ ರೂಮಿನಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಡ್ರಾಯಿಂಗ್ ಮೇಷ್ಟ್ರು, "ಗೆರೆ ಎಳ್ದೋರ ಕೈ ನಡುಗಿದೆ" ಅಂದರು. ಗಣಿತದ ಮೇಷ್ಟ್ರು ಸ್ಕೇಲು ತಂದರು. ಹೆಡ್‌ಮಾಸ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ ಗಂಭೀರವಾಗಿ ಕೇಳಿದರು: "ಸಹಿ ಇಲ್ಲ, ಸೀಲಿಲ್ಲ. ಇದು ನಿಮ್ಮ ಎದೇದೇ ಅಂತ ಹೆಂಗ್ರೀ ನಂಬೋದು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೌದಲ್ಲ! ಅವತ್ತು ನನಗಿಂತ ಮುಂಚೆ ಅದೇ ಮಂಚದ ಮೇಲೆ ಇನ್ನೊಬ್ಬರು ಮಲಗಿದ್ದರು. ಕಾಗದ ಅದಲುಬದಲಾಗಿದ್ದರೆ? ಆ ಚೆನ್ನಾಗಿರುವ ಎದೆ ಅವರದಾಗಿದ್ದರೆ? ಮಾರನೆಯ ದಿನವೇ ರಜೆ ಹಾಕಿ ಮತ್ತೆ ಡಾಕ್ಟರ ಮುಂದೆ ನಿಂತು ವಿಷಯ ಹೇಳಿದೆ.

ಅವರು ಸ್ಟೆತಾಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. "ಆ ಮನುಷ್ಯ ಇವತ್ತು ಬೆಳಿಗ್ಗೇನೇ ಬಂದು ಹೋದ್ರು ಮೇಷ್ಟ್ರೆ. ನಿಮ್ಮ ಕಾಗದ ಏನಾದ್ರೂ ಅವರಿಗೆ ಬಂದುಬಿಟ್ಟಿದೆಯಾ ಅಂತ ಕೇಳಕ್ಕೆ."

ಗುಬ್ಬಿ ಬಸ್ಸು

ಇಷ್ಟಾದರೂ ಎಲ್ಲಕ್ಕಿಂತ ದೊಡ್ಡದು ಬಂದದ್ದು ಬಸ್ಸಿನಲ್ಲಿ. ಬೇಸಿಗೆಯ ಒಂದು ಮಧ್ಯಾಹ್ನ, ತುಮಕೂರಿನಿಂದ ಗುಬ್ಬಿಗೆ ಹೊರಟ ಪ್ರೈವೇಟ್ ಬಸ್ಸು. ಊರು ಇನ್ನೂ ದಾಟಿರಲಿಲ್ಲ. ಇದ್ದಕ್ಕಿದ್ದಂತೆ ಎದೆ ಢವಢವ, ಕೈಕಾಲು ತಣ್ಣಗೆ, ಕಣ್ಣು ಕತ್ತಲೆ, ಎಷ್ಟು ಎಳೆದರೂ ಉಸಿರು ಸಾಲದು. ಈ ಸಲ ವಾಚು ಅಲ್ಲ, ಮುದ್ದೆ ಅಲ್ಲ, ಇದು ಅದೇ ಅಂತ ಖಾತ್ರಿಯಾಯಿತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಕೈ ಹಿಡಿದುಕೊಂಡೆ.

"ಅಜ್ಜಿ, ನಾನು ಹೋಗ್ತಾ ಇದೀನಿ."

"ನಾನೂ ಗುಬ್ಬಿಗೇ ಕಣಪ್ಪ" ಅಂದಿತು ಅಜ್ಜಿ.

"ಅಯ್ಯೋ ಎದೆ ಅಜ್ಜಿ, ಎದೆ!" ಅಂತ ಕೂಗಿದೆ.

ಕೂಗು ಕೇಳಿ ಕಂಡಕ್ಟರು ಓಡಿಬಂದ. ತೆಳ್ಳಗಿನ, ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿದವನೇ ಉದ್ದಕ್ಕೆ ವಿಷಲ್ ಊದಿ, "ಹಾರ್ಟ್ ಅಟ್ಯಾಕು! ತಿರುಗ್ಸಣ್ಣ ಗಾಡಿ!" ಅಂದ. ಡ್ರೈವರು ರಸ್ತೆಯಲ್ಲೇ ಬಸ್ಸು ತಿರುಗಿಸಿದ. ಪ್ರಯಾಣಿಕರಲ್ಲಿ ಒಬ್ಬರು ಎದೆ ತಿಕ್ಕಿದರು, ಒಬ್ಬರು ಈರುಳ್ಳಿ ಮೂಸಿಸಿದರು. "ಪಾಪ, ಎಂಥಾ ಆಳು!" ಅಂತ ಅಜ್ಜಿ ಆಗಲೇ ಅಳಲು ಶುರು ಮಾಡಿತ್ತು. ಬಸ್ಸು ಒಂದು ನರ್ಸಿಂಗ್ ಹೋಮಿನ ಮುಂದೆ ನಿಂತಿತು. ಡಾಕ್ಟರು ಇರುವುದು ಮಹಡಿಯ ಮೇಲೆ.

ಕಂಡಕ್ಟರು ನನ್ನ ತೋಳು ಹಿಡಿದು ಇಳಿಸಿದ. "ಧೈರ್ಯ ತಗಳಿ ಸಾರ್, ನಾನಿದೀನಿ" ಅನ್ನುತ್ತ ಮೆಟ್ಟಿಲವರೆಗೆ ಕರೆದುಕೊಂಡು ಬಂದ. ಅಷ್ಟರಲ್ಲಿ ಮೇಲಿನಿಂದ ಕಾಲಿಗೆ ಬ್ಯಾಂಡೇಜು ಸುತ್ತಿದ ಒಬ್ಬರನ್ನು ಇಳಿಸುತ್ತಿದ್ದರು. ಬಟ್ಟೆಯ ಮೇಲೆ ರಕ್ತ. ಕಂಡಕ್ಟರು ಅದನ್ನು ನೋಡಿದ. "ನಾನಿದೀ..." ಅಂದವನು ನನ್ನ ತೋಳು ಬಿಟ್ಟು ಕಡಿದ ಬಾಳೆದಿಂಡಿನಂತೆ ಕುಸಿದು ಬಿದ್ದ.

ಮುಂದಿನದನ್ನು ನಾನು ಯೋಚನೆ ಮಾಡಿ ಮಾಡಲಿಲ್ಲ. ಮೈದಾನದಲ್ಲಿ ಬಿದ್ದ ಹುಡುಗರನ್ನು ಎತ್ತಿ ಅಭ್ಯಾಸ. ಕಂಡಕ್ಟರನ್ನು ಟಿಕೆಟ್ ಚೀಲದ ಸಮೇತ ಹೆಗಲ ಮೇಲೆ ಹಾಕಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಮಹಡಿ ಹತ್ತಿ, "ಸಾರ್, ಬೇಗ ನೋಡಿ!" ಅಂತ ಡಾಕ್ಟರ ಮುಂದೆ ಮಲಗಿಸಿದೆ.

ಆ ಡಾಕ್ಟರು ಯುವಕರು, ನನಗೆ ಹೊಸಬರು. ನೀರು ಚಿಮುಕಿಸಿದರು. ಕಂಡಕ್ಟರು ಕಣ್ಣುಬಿಟ್ಟು ನನ್ನನ್ನು ನೋಡಿ, "ಸಾರ್, ಇನ್ನೂ ಇದೀರಾ?" ಅಂದ.

ಡಾಕ್ಟರು ನನ್ನ ಕಡೆ ತಿರುಗಿದರು. "ಇವರಿಗೆ ಏನಿಲ್ಲ. ಹಾರ್ಟ್ ಅಟ್ಯಾಕ್ ಕೇಸು ಬರ್ತಿದೆ ಅಂತ ಕೆಳಗಿಂದ ಕೂಗಿದ್ರಲ್ಲ, ಆ ಪೇಷೆಂಟ್ ಎಲ್ಲಿ?"

"ನಾನೇ ಸಾರ್."

"ಇವರನ್ನ ಹೊತ್ಕೊಂಡು ಬಂದೋರು?"

"ಅದೂ ನಾನೇ ಸಾರ್."

ಅವರು ಕಂಡಕ್ಟರನ್ನು ನೋಡಿದರು, ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು. ಸ್ಟೆತಾಸ್ಕೋಪನ್ನು ಕಿವಿಗೆ ಏರಿಸುವುದೋ ಕೊರಳಲ್ಲೇ ಬಿಡುವುದೋ ಅವರಿಗೂ ತಿಳಿಯಲಿಲ್ಲ. ನಾನು ಎದೆ ಮುಟ್ಟಿ ನೋಡಿಕೊಂಡೆ. ನೋವು ಯಾವ ಮೆಟ್ಟಿಲಲ್ಲಿ ಬಿದ್ದುಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಅಷ್ಟರಲ್ಲಿ ಬಸ್ಸಿನ ಪ್ರಯಾಣಿಕರೊಬ್ಬರು ಏದುಸಿರು ಬಿಡುತ್ತ ಮೇಲೆ ಬಂದು ಬಾಗಿಲಲ್ಲಿ ನಿಂತರು.

"ಡಾಕ್ಟ್ರೆ, ಆ ಎದೆನೋವಿನ ಮೇಷ್ಟ್ರು ಬದುಕವ್ರಾ? ಬದುಕಿದ್ರೆ ಸ್ವಲ್ಪ ಬೇಗ ಕೆಳಗೆ ಕಳಿಸ್ಕೊಡಿ. ಆ ರಕ್ತ ನೋಡಿ ಡ್ರೈವರ್ಗೂ ತಲೆ ಸುತ್ತು ಬಂದ್ಬುಡ್ತು, ಎತ್ಕಂಡು ಬರಾಕೆ ಇನ್ಯಾರೂ ಗಟ್ಟಿಯಾಗಿರೋರು ಇಲ್ಲ!"