ಶಾಲೆಗೊಂದು ಝಟಕಾ ಬೇಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ‘ಶಾಲೆ ತೆರೆದು ನೋಡು’ ಎಂದು ಸೇರಿಸಲು ಮರೆತೇಬಿಟ್ಟರು. (ಅವರ ಕಾಲದಲ್ಲಿ ಒಂದು ಮರ, ಒಬ್ಬ ಮೇಷ್ಟ್ರು ಇದ್ದರೆ ಸಾಕಿತ್ತು.)

ನನ್ನ ಹೆಂಡತಿ ಯಮುನಾ ಹದಿನಾಲ್ಕು ವರ್ಷ ಬೇರೆಯವರ ನರ್ಸರಿಯಲ್ಲಿ ಪಾಠ ಹೇಳಿದವಳು. ಸ್ವಂತ ಶಾಲೆಯೊಂದು ಅವಳ ಬಹಳ ದಿನದ ಆಸೆ. ತಿತಿಮತಿಯ ನಮ್ಮ ಹಳೆಯ ಕಾಫಿ ಗೋದಾಮಿಗೆ ಸುಣ್ಣ ಬಳಿಸಿ, ಗೋಡೆ ತುಂಬ ಗಿಳಿ ಬರೆಸಿ, ಇಪ್ಪತ್ತು ಮಕ್ಕಳನ್ನೂ ಗೊತ್ತು ಮಾಡಿಕೊಂಡಳು. ಉಳಿದದ್ದು ಸರ್ಕಾರದ ಅನುಮತಿ ಮಾತ್ರ. ಆ ಘನಕಾರ್ಯವನ್ನು ನಾನು ವಹಿಸಿಕೊಂಡೆ.

ಜಾಗದ ದಾಖಲೆ, ಕಟ್ಟಡದ ನಕ್ಷೆ, ಶೌಚಾಲಯ, ಬೆಂಕಿ ಆರಿಸುವ ಸಿಲಿಂಡರು ಎಲ್ಲ ಆಯಿತು. ಕೊನೆಯ ನಿಯಮ: ಭದ್ರವಾದ ಆವರಣ. ಕಾಡಂಚಿನ ನಮ್ಮೂರಲ್ಲಿ ಕಾಂಪೌಂಡ್ ಗೋಡೆ ಕಟ್ಟಿಸುವುದೆಂದರೆ ಆನೆಗೆ ಬೆನ್ನು ತುರಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟಂತೆ. ನಾನು ಬುದ್ಧಿವಂತ, ತೋಟಕ್ಕೆ ಹಾಕಿಸುವ ಸೋಲಾರ್ ಬೇಲಿಯನ್ನೇ ಶಾಲೆಗೂ ಹಾಕಿಸಿದೆ.

ಶಿಕ್ಷಣ ಇಲಾಖೆಯಿಂದ ತಪಾಸಣೆಗೆ ಬಂದ ಮಹದೇವಪ್ಪ ಸಾಹೇಬರು ತಂತಿ ಕಂಡು ಅಲ್ಲೇ ನಿಂತರು.

“ಏನ್ರೀ ಕೂಸಪ್ಪ ಇದು?”

“ಸೋಲಾರ್ ಸಾರ್! ಒಂಟಿ ಸಲಗವೂ ಹತ್ರ ಸುಳಿಯಲ್ಲ.”

“ಕರೆಂಟ್ ಬೇಲಿ ಒಳಗೆ ಮೂರು ವರ್ಷದ ಮಕ್ಕಳನ್ನ ಬಿಡ್ತೀರೇನ್ರೀ?”

“ಎಂತದೂ ಆಗಲ್ಲ ಸಾರ್, ಬರೀ ಚುರುಕ್ ಅಂತದೆ. ಬೇಕಾದ್ರೆ ನೋಡಿ...” ಎಂದು ಮುಟ್ಟಿ ತೋರಿಸಿದೆ.

ಆಮೇಲೆ ನನಗೆ ಕಂಡದ್ದು ಆಕಾಶ. ಒಂದು ಚಪ್ಪಲಿ ಸಿಲ್ವರ್ ಓಕ್ ಮರದ ಬುಡದಲ್ಲಿ ಸಿಕ್ಕಿತು.

ಸಾಹೇಬರು ಫೈಲು ಮುಚ್ಚಿದರು. ಯಮುನಾಳ ಕಣ್ಣು ತುಂಬಿತು. ಅವಳು ನನ್ನ ಕಡೆ ತಿರುಗಿದಳು.

“ನಾನು ಶಾಲೆ ತೆಗೀತಿರೋದು ಮಕ್ಕಳಿಗಾ, ಆನೆಗಾ? ನಿಮ್ಮನ್ನ ನಂಬಿ ಕೆಟ್ಟೆ ನೋಡಿ!”

ಸಾಹೇಬರ ಮನಸ್ಸು ಕರಗಿತು. “ಅಳ್ಬೇಡಿ ತಾಯಿ. ಗೋಡೆ ಕಟ್ಸಕ್ಕೆ ಆರು ತಿಂಗಳು ಟೈಮ್ ಕೊಡ್ತೀನಿ. ಅಲ್ಲೀ ತನಕ ಮಕ್ಕಳು ಇರೋ ಹೊತ್ತಲ್ಲಿ ಕರೆಂಟ್ ಬಂದ್. ಆನೆ ಕಾಯೋಕೆ ಗೇಟಲ್ಲಿ ಒಬ್ರು ಖಾಯಂ ಇರ್ಬೇಕು. ಯಾರಾದ್ರೂ ಇದ್ದಾರಾ?”

ಯಮುನಾ ಕಣ್ಣೊರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿದಳು. “ಇವ್ರು ಖಾಲಿನೇ ಇದ್ದಾರೆ ಸಾರ್.”

ಶಾಲೆ ಶುರುವಾಯಿತು. ಮಕ್ಕಳ ಗಲಾಟೆ, ಯಮುನಾಳ ನಗು ಕೇಳಿದರೆ ನನಗೂ ಖುಷಿಯೇ, ಸುಳ್ಳೇಕೆ ಹೇಳಲಿ? ಎಂಟು ಎಕರೆ ತೋಟದ ಸಾಹುಕಾರನಾದ ನಾನು ದಿನವೂ ಒಂಬತ್ತರಿಂದ ಮೂರರವರೆಗೆ ಸೀಟಿ, ಪಟಾಕಿ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆ. ಅನುಮತಿ ಪತ್ರಕ್ಕೆ ಯಮುನಾ ಗಾಜಿನ ಕಟ್ಟು ಹಾಕಿಸಿದ್ದಾಳೆ. ಅದರಲ್ಲಿ ನನ್ನ ಹೆಸರೆಲ್ಲೂ ಇಲ್ಲ. ನನ್ನ ಬಗ್ಗೆ ಇರುವುದು ಇಷ್ಟೇ: ‘ವಿದ್ಯುತ್ ಬೇಲಿಗೆ ಬದಲಿ ವ್ಯವಸ್ಥೆ: ಇದೆ. ತೃಪ್ತಿಕರ.’